ಸ್ಕ್ಯಾನಿಂಗ್‌ಗೆ ಬರೆದುಕೊಟ್ಟಿದ್ದಾರೆ: ಹೋಗುವ ಮುಂಚೆ, ಬಂದ ಮೇಲೆ

ಎಕ್ಸ್‌ರೇ, ಸಿಟಿ, ಎಂಆರ್‌ಐ ರೂಮುಗಳಲ್ಲಿ ನಾನು 23 ವರ್ಷ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದ್ದೇನೆ. ಟೇಬಲ್ ಮೇಲೆ ಮಲಗಿಸುವ ಮುಂಚೆ ಎಲ್ಲರಿಗೂ ಒಂದು ಮಾತು ಕೇಳುತ್ತಿದ್ದೆ. "ಈ ಸ್ಕ್ಯಾನ್ ಯಾಕೆ ಮಾಡಿಸ್ತಿದ್ದೀರಿ, ಗೊತ್ತಾ?" ಹೆಚ್ಚಿನವರ ಉತ್ತರ ಒಂದೇ. "ಡಾಕ್ಟರು ಬರೆದುಕೊಟ್ಟಿದ್ದಾರೆ."

ಒಂದು ಸಂಜೆ ಒಬ್ಬ ಹೆಂಗಸು ಬಂದರು. ಚೀಟಿಯಲ್ಲಿ ಹೊಟ್ಟೆ ನೋವು, ಡೈ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ದ್ರವ) ಹಾಕಿ ಸಿಟಿ ಅಂತ ಇತ್ತು. ಅಷ್ಟೇ. ಸೂಜಿ ಚುಚ್ಚುವ ಮುಂಚೆ ನೋವು ಎಲ್ಲಿ ಅಂತ ಕೇಳಿದೆ. ಬೆನ್ನಿನ ಪಕ್ಕದಲ್ಲಿ ಶುರುವಾಗಿ ತೊಡೆಸಂದಿಗೆ ಇಳಿಯುತ್ತದೆ, ನಿಂತರೂ ಕೂತರೂ ತಡೆಯಲಾಗುವುದಿಲ್ಲ, ಮೂತ್ರ ಕೆಂಪಗಾಗಿದೆ ಅಂದರು. ಕಿಡ್ನಿ ಕಲ್ಲಿನ ನೋವು ಹೀಗೇ ಇರುತ್ತದೆ. ಕಲ್ಲು ಹುಡುಕಲು ಡೈ ಹಾಕದ ಸಿಟಿಯೇ ಒಳ್ಳೆಯದು. ಯಾಕೆಂದರೆ ಕಲ್ಲೂ ಬೆಳ್ಳಗೆ ಕಾಣುತ್ತದೆ, ಕಿಡ್ನಿಯಿಂದ ಮೂತ್ರನಾಳಕ್ಕೆ ಇಳಿಯುವ ಡೈಯೂ ಬೆಳ್ಳಗೆ ಕಾಣುತ್ತದೆ. ಬಿಳಿಯೊಳಗೆ ಬಿಳಿ ಹುಡುಕುವುದು ಕಷ್ಟ. ನಾನು ರೇಡಿಯಾಲಜಿಸ್ಟ್‌ಗೆ, ಅಂದರೆ ಚಿತ್ರ ಓದುವ ಡಾಕ್ಟರಿಗೆ, ಹೇಳಿದೆ. ಅವರು ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿದರು. ಸಾದಾ ಸಿಟಿ ಮಾಡಿದೆವು, 5 ಮಿ.ಮೀ. ಕಲ್ಲು ಸಿಕ್ಕಿತು.

ಯಂತ್ರ ಅದೇ, ಟೇಬಲ್ ಅದೇ. ಆಕೆ ಹೇಳಿದ ಎರಡು ಮಾತಿನಿಂದ ಪರೀಕ್ಷೆಯೇ ಬದಲಾಯಿತು. ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಸ್ಕ್ಯಾನ್ ಆಗಲಿ, ರಕ್ತಪರೀಕ್ಷೆ ಆಗಲಿ, ಒಂದು ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ. ಪ್ರಶ್ನೆ ಸರಿಯಿಲ್ಲದಿದ್ದರೆ ಉತ್ತರವೂ ದಾರಿ ತಪ್ಪುತ್ತದೆ. ಆ ಪ್ರಶ್ನೆ ಏನು ಅಂತ ನಿಮಗೆ ಗೊತ್ತಿರಬೇಕು.

ಡಾಕ್ಟರ ಮುಂದೆ ಕೂತಿರುವಾಗಲೇ ಕೇಳಿ

ಚೀಟಿ ಕೈಗೆ ಬಂದ ತಕ್ಷಣ ಎದ್ದು ಬರಬೇಡಿ. "ಇದರಲ್ಲಿ ಏನು ಹುಡುಕುತ್ತಿದ್ದೀರಿ ಡಾಕ್ಟ್ರೇ?" ಅಂತ ಕೇಳಿ. ಉತ್ತರ ಸಿಕ್ಕಿದ ಮೇಲೆ ಇನ್ನೊಂದು ಕೇಳಿ: "ಅದು ಇದ್ದರೆ ಏನು ಮಾಡುತ್ತೀರಿ, ಇಲ್ಲದಿದ್ದರೆ ಏನು ಮಾಡುತ್ತೀರಿ?" ನನ್ನ ಪ್ರಕಾರ ಈ ಎರಡನೆಯದೇ ಮುಖ್ಯ. ಇದ್ದರೂ ಅದೇ ಮಾತ್ರೆ, ಇಲ್ಲದಿದ್ದರೂ ಅದೇ ಮಾತ್ರೆ ಅಂತಾದರೆ, ಆ ಪರೀಕ್ಷೆ ಈಗಲೇ ಬೇಕಾ ಅಂತ ಅವರೂ ಇನ್ನೊಮ್ಮೆ ಯೋಚಿಸುತ್ತಾರೆ. ಹೀಗೆ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ನಾನು ಕಂಡ ಒಳ್ಳೆಯ ಡಾಕ್ಟರುಗಳು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಸೊಂಟನೋವನ್ನೇ ನೋಡಿ. ನಾಲ್ಕು ದಿನದ ನೋವಿಗೆ ಎಂಆರ್‌ಐ ಬೇಕು ಅಂತ ಜನ ತಾವಾಗಿಯೇ ಹಟ ಹಿಡಿಯುತ್ತಾರೆ. ಹೆಚ್ಚಿನ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಕಾಲಿನ ಬಲ ಕಡಿಮೆಯಾಗುತ್ತಿದ್ದರೆ, ಮಲಮೂತ್ರದ ಹಿಡಿತ ತಪ್ಪಿದ್ದರೆ, ಕೂರುವ ಜಾಗ ಮರಗಟ್ಟಿದ್ದರೆ, ಜೊತೆಗೆ ಜ್ವರ ಇದ್ದರೆ, ಮುಂಚೆ ಕ್ಯಾನ್ಸರ್ ಆಗಿದ್ದರೆ ಒಂದು ದಿನವೂ ಕಾಯಬಾರದು. ಎರಡಕ್ಕೂ ಹೆಸರು ಸೊಂಟನೋವೇ, ಆದರೆ ಕೇಳುವ ಪ್ರಶ್ನೆ ಬೇರೆ.

ಇನ್ನು ಚೀಟಿಯನ್ನು ಓದಿ ನೋಡಿ. ಎಡ, ಬಲ ಸರಿ ಇದೆಯಾ? ಎಷ್ಟು ದಿನದಿಂದ ನೋವು, ಬಿದ್ದದ್ದು ಉಂಟಾ, ಮುಂಚೆ ಆಪರೇಷನ್ ಆಗಿದೆಯಾ ಅಂತ ಬರೆದಿದೆಯಾ? ಚಿತ್ರ ನೋಡಿ ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್ ಹೆಚ್ಚಿನ ಸಲ ನಿಮ್ಮ ಮುಖವನ್ನೇ ನೋಡಿರುವುದಿಲ್ಲ. ನಿಮ್ಮ ಕಥೆ ಅವರಿಗೆ ಮುಟ್ಟುವುದು ಆ ಒಂದು ಸಾಲಿನಲ್ಲಿ. ಸಾಲು ಅರ್ಧಂಬರ್ಧ ಇದ್ದರೆ ಟೆಕ್ನಿಷಿಯನ್‌ಗೆ ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ.

ಯಾವ ಯಂತ್ರ ಏನನ್ನು ನೋಡುತ್ತದೆ

"ಎಂಆರ್‌ಐ ದೊಡ್ಡ ಪರೀಕ್ಷೆ, ಅದನ್ನೇ ಮಾಡಿಸೋಣ" ಅನ್ನುವ ಮಾತು ದಿನಾ ಕೇಳುತ್ತಿದ್ದೆ. ದೊಡ್ಡದು, ಸಣ್ಣದು ಅಂತ ಇಲ್ಲ. ಪಿತ್ತಕೋಶದ ಕಲ್ಲಿಗೆ ಅಲ್ಟ್ರಾಸೌಂಡೇ ಮೊದಲ ಪರೀಕ್ಷೆ, ಸಿಟಿಯಲ್ಲಿ ಕೆಲವು ಪಿತ್ತದ ಕಲ್ಲುಗಳು ಕಾಣುವುದೇ ಇಲ್ಲ. ತಲೆಗೆ ಪೆಟ್ಟು ಬಿದ್ದು ಅರ್ಧ ಗಂಟೆಯಾಗಿದ್ದರೆ ಸಿಟಿ ಬೇಕು, ಯಾಕೆಂದರೆ ಹೊಸ ರಕ್ತಸ್ರಾವ ಅದರಲ್ಲಿ ನಿಮಿಷಗಳಲ್ಲೇ ಕಾಣುತ್ತದೆ. ಮಂಡಿಯೊಳಗಿನ ಲಿಗಮೆಂಟ್ ಹರಿದಿದೆಯಾ ಅಂತ ತಿಳಿಯಲು ಎಂಆರ್‌ಐ. ಮೂಳೆ ಮುರಿದಿದೆಯಾ ಅಂತ ನೋಡಲು ಮೊದಲು ಎಕ್ಸ್‌ರೇ.

ಎಕ್ಸ್‌ರೇ ಒಂಥರಾ ನೆರಳು. ಮೂಳೆ ಕಿರಣವನ್ನು ಜಾಸ್ತಿ ತಡೆಯುತ್ತದೆ, ಬೆಳ್ಳಗೆ ಬರುತ್ತದೆ. ಶ್ವಾಸಕೋಶದ ಗಾಳಿ ತಡೆಯುವುದಿಲ್ಲ, ಕಪ್ಪಗೆ ಬರುತ್ತದೆ. ನೆರಳಿನಲ್ಲಿ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುತ್ತದೆ. ಅದಕ್ಕೇ ಕೈಯನ್ನು ಎರಡು ಮೂರು ಥರ ತಿರುಗಿಸಿ ತೆಗೆಯುತ್ತೇವೆ. ನೋಯುತ್ತದೆ ಅಂತ ಗೊತ್ತು. ಆದರೂ ಆ ಎರಡನೇ ಕೋನ ಬಿಡಬೇಡಿ.

ನನ್ನ ತಮ್ಮ ಕೈ ಊರಿಕೊಂಡು ಬಿದ್ದಿದ್ದ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋವು. ಎಕ್ಸ್‌ರೇ ನಾರ್ಮಲ್ ಬಂತು. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಸಮಾಧಾನ ಆಗಲಿಲ್ಲ. ಆ ಜಾಗದಲ್ಲಿ ಸ್ಕ್ಯಾಫಾಯ್ಡ್ ಅಂತ ಒಂದು ಪುಟ್ಟ ಮೂಳೆ ಇದೆ. ಅದರ ಬಿರುಕು ಮೊದಲ ದಿನ ಎಷ್ಟೋ ಸಲ ಕಾಣುವುದಿಲ್ಲ. ಡಾಕ್ಟರು ಕೈಗೆ ಪಟ್ಟಿ ಕಟ್ಟಿಸಿ, 10–14 ದಿನ ಬಿಟ್ಟು ಮತ್ತೆ ತೆಗೆಸಿ ಅಂದಿದ್ದರು. 12ನೇ ದಿನ ತೆಗೆದಾಗ ಬಿರುಕು ಸ್ಪಷ್ಟವಾಗಿ ಕಂಡಿತು. ನಾರ್ಮಲ್ ಅಂದರೆ ಆ ದಿನ, ಆ ಯಂತ್ರಕ್ಕೆ, ಆ ಜಾಗದಲ್ಲಿ ಏನೂ ಕಾಣಲಿಲ್ಲ ಅಂತ ಅಷ್ಟೇ. ನೋವು ಮಾತ್ರ ಹಾಗೇ ಇದ್ದರೆ ಮತ್ತೆ ಹೋಗಿ ಹೇಳಿ.

ಅಲ್ಟ್ರಾಸೌಂಡ್‌ಗೆ ಕಿರಣವಿಲ್ಲ, ಬರೀ ಶಬ್ದದ ಅಲೆ. ಗಾಳಿ ಅದಕ್ಕೆ ದೊಡ್ಡ ಅಡ್ಡಿ, ಆದ್ದರಿಂದಲೇ ಚರ್ಮಕ್ಕೆ ಜೆಲ್ ಹಚ್ಚುತ್ತಾರೆ. ಹೊಟ್ಟೆ ಸ್ಕ್ಯಾನಿಂಗ್‌ಗೆ 6–8 ಗಂಟೆ ಖಾಲಿ ಹೊಟ್ಟೆ ಅಂತ ಹೇಳುವುದಕ್ಕೂ ಕಾರಣ ಇದೆ. ತಿಂದರೆ ಪಿತ್ತಕೋಶ ಮುದುಡಿಕೊಳ್ಳುತ್ತದೆ, ಕರುಳಿನಲ್ಲಿ ಗಾಳಿ ತುಂಬುತ್ತದೆ. ಕಿಬ್ಬೊಟ್ಟೆ ಸ್ಕ್ಯಾನಿಂಗ್‌ಗೆ ನೀರು ಕುಡಿದು ಮೂತ್ರ ತಡೆದುಕೊಂಡು ಬನ್ನಿ ಅನ್ನುತ್ತಾರೆ, ಅಲ್ವಾ? ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ಸರಿಸಿ, ಹಿಂದಿನ ಗರ್ಭಕೋಶ ನೋಡಲು ಕಿಟಕಿಯ ಹಾಗೆ ಕೆಲಸ ಮಾಡುತ್ತದೆ. ಈ ಕಾರಣ ಗೊತ್ತಿದ್ದವರು ಅರ್ಧ ದಾರಿಯಲ್ಲಿ ಶೌಚಾಲಯಕ್ಕೆ ಹೋಗುವುದಿಲ್ಲ.

ಸಿಟಿ ಮತ್ತು ಆ ಡೈ

ಸಿಟಿಯೂ ಎಕ್ಸ್‌ರೇ ಕಿರಣವೇ. ಆದರೆ ದೇಹದ ಸುತ್ತ ತಿರುಗಿ ತೆಗೆದು, ಕಂಪ್ಯೂಟರ್ ಅದನ್ನು ತೆಳು ತೆಳು ಹೋಳುಗಳಾಗಿ ಜೋಡಿಸುತ್ತದೆ. ಮೊದಲ ರೋಗಿಯ ಸ್ಕ್ಯಾನ್ ಆದದ್ದು 1971ರಲ್ಲಿ, ಲಂಡನ್ನಿನಲ್ಲಿ. ಯಂತ್ರ ಕಟ್ಟಿದವರು ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಅವರ ಹೆಸರು ನಿಮ್ಮ ರಿಪೋರ್ಟಿನಲ್ಲೂ ಇರಬಹುದು. 'ಎಚ್‌ಯು' ಅಂತ ಒಂದು ಅಂಕಿ ಕಂಡರೆ ಅದು ಹೌನ್ಸ್‌ಫೀಲ್ಡ್ ಯೂನಿಟ್. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಸುಮಾರು ಮೈನಸ್ 100, ಮೂಳೆಗೆ ನೂರಾರು. ಕಿಡ್ನಿಯಲ್ಲಿ ಗುಳ್ಳೆ ಇದೆ, 8 ಎಚ್‌ಯು, ಗೋಡೆ ತೆಳುವಾಗಿದೆ ಅಂತ ಬರೆದಿದ್ದರೆ ಒಳಗಿರುವುದು ನೀರು ಅಂತ ಅರ್ಥ. ವಯಸ್ಸಾದವರಲ್ಲಿ ಇಂಥ ಸಾದಾ ಸಿಸ್ಟ್ ತುಂಬಾ ಸಾಮಾನ್ಯ.

ಕಿರಣದ ಬಗ್ಗೆ ಕೇಳದವರೇ ಇಲ್ಲ. ಎದೆಯ ಒಂದು ಎಕ್ಸ್‌ರೇಗೆ 0.1 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣ ಅಳೆಯುವ ಮಾನ) ಅಥವಾ ಅದಕ್ಕೂ ಕಡಿಮೆ. ನೆಲ, ಗಾಳಿ, ಆಕಾಶದಿಂದ ನಾವೆಲ್ಲ ಹೇಗೂ ಪಡೆಯುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4. ಹಾಗೆ ನೋಡಿದರೆ ಎದೆಯ ಎಕ್ಸ್‌ರೇ ಹೆಚ್ಚೆಂದರೆ ಹದಿನೈದು ದಿನದ ಲೆಕ್ಕ. ಹೊಟ್ಟೆಯ ಸಿಟಿ ಸುಮಾರು 8–10, ಅಂದರೆ ಮೂರು ನಾಲ್ಕು ವರ್ಷದ ಲೆಕ್ಕ. ಬೇಕಾದಾಗ ಮಾಡಿಸಲು ಹೆದರುವಷ್ಟು ಅಲ್ಲ, ಸುಮ್ನೆ ಮಾಡಿಸುವಷ್ಟು ಕಡಿಮೆಯೂ ಅಲ್ಲ. ಮಕ್ಕಳಿಗೆ ಬರೆದುಕೊಟ್ಟರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಆಗುತ್ತದಾ ಅಂತ ಕೇಳಿ. ಸಿಟಿಯೇ ಬೇಕು ಅಂದರೆ, ಮಗುವಿನ ತೂಕಕ್ಕೆ ತಕ್ಕ ಹಾಗೆ ಕಿರಣ ಇಳಿಸುತ್ತಾರಾ ಅಂತಲೂ ಕೇಳಿ. ಮುಟ್ಟು ಒಂದು ದಿನ ತಡವಾಗಿದ್ದರೂ ಹೇಳಿಬಿಡಿ. ಪಕ್ಕದಲ್ಲಿ ಅತ್ತೆ ಮಾವ ಇದ್ದಾರೆ ಅಂತ ಸಂಕೋಚಪಟ್ಟವರನ್ನು ನಾನು ಒಬ್ಬರನ್ನೇ ಒಳಗೆ ಕರೆದು ಕೇಳುತ್ತಿದ್ದೆ. ನೀವೂ ಹಾಗೆ ಒಳಗೆ ಬಂದು ಹೇಳಬಹುದು.

ಈಗ ಡೈ. ಸಿಟಿಯಲ್ಲಿ ಹಾಕುವುದು ಅಯೋಡಿನ್ ಇರುವ ಕಾಂಟ್ರಾಸ್ಟ್. ಮೈಯೆಲ್ಲ ಬಿಸಿಯಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೂತ್ರ ಹೋಗಿಬಿಟ್ಟಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಒಂದು ನಿಮಿಷದಲ್ಲಿ ಇಳಿಯುತ್ತದೆ. ಇದನ್ನು ಮುಂಚೆ ಹೇಳದೆ ಇದ್ದರೆ ಜನ ಗಾಬರಿಯಾಗಿ ಎದ್ದು ಕೂರುತ್ತಾರೆ, ಚಿತ್ರ ಹಾಳಾಗುತ್ತದೆ. ಇದು ಅಲರ್ಜಿ ಅಲ್ಲ. ಅಲರ್ಜಿ ಅಂದರೆ ಮೈ ಮೇಲೆ ದದ್ದು, ತುರಿಕೆ, ಗಂಟಲು ಬಿಗಿತ, ಉಸಿರಾಟಕ್ಕೆ ಕಷ್ಟ. ಅದಾದರೆ ತಕ್ಷಣ ಕೂಗಿ. ಸೂಜಿ ಇರುವ ಜಾಗ ಊದಿಕೊಂಡು ಉರಿದರೂ ಕೂಗಿ, ಡೈ ನರದ ಹೊರಗೆ ಹೋಗುತ್ತಿರಬಹುದು. ಗಾಜಿನಾಚೆ ಕೂತಿದ್ದರೂ ನಮಗೆ ನಿಮ್ಮ ಮಾತು ಕೇಳುತ್ತದೆ.

ಡೈ ಹಾಕುವ ಮುಂಚೆ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತಾರೆ. ಕಿಡ್ನಿ ಹೇಗಿದೆ ಅಂತ ನೋಡಲು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ. ಕಿಡ್ನಿ ಚೆನ್ನಾಗಿದ್ದವರಿಗೆ ಸಾಮಾನ್ಯವಾಗಿ ಅದನ್ನು ನಿಲ್ಲಿಸಬೇಕಾಗಿಲ್ಲ. ಕಿಡ್ನಿ ಸೋತಿದ್ದರೆ 48 ಗಂಟೆ ನಿಲ್ಲಿಸಲು ಹೇಳುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಮುಂಚೆ ಡೈಯಿಂದ ತೊಂದರೆ ಆಗಿತ್ತಾ ಅನ್ನುವುದೇ ಎಲ್ಲಕ್ಕಿಂತ ದೊಡ್ಡ ಮಾಹಿತಿ. ಸಿಗಡಿ, ಏಡಿ ತಿಂದರೆ ಆಗುವುದಿಲ್ಲ, ಅದಕ್ಕೇ ಡೈ ಬೇಡ ಅಂತ ಹೆದರುವವರು ಇದ್ದಾರೆ. ಆ ಅಲರ್ಜಿ ಬರುವುದು ಅವುಗಳ ಪ್ರೋಟೀನಿನಿಂದ, ಅಯೋಡಿನ್‌ನಿಂದ ಅಲ್ಲ.

ಎಂಆರ್‌ಐ: ಅಯಸ್ಕಾಂತ ಯಾವಾಗಲೂ ಆನ್

ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣ ಇಲ್ಲ. ಅಯಸ್ಕಾಂತ, ರೇಡಿಯೋ ಅಲೆ, ನಮ್ಮ ದೇಹದ ನೀರಿನಲ್ಲಿರುವ ಹೈಡ್ರೋಜನ್, ಇಷ್ಟೇ ಸೇರಿ ಚಿತ್ರ ಆಗುತ್ತದೆ. ಅಯಸ್ಕಾಂತದ ಬಲವನ್ನು ಟೆಸ್ಲಾ ಅನ್ನುವ ಮಾನದಲ್ಲಿ ಹೇಳುತ್ತಾರೆ. ಆದರೆ 1.5 ಟೆಸ್ಲಾ ಅಂದರೆ ಭೂಮಿಯ ಕಾಂತಶಕ್ತಿಗಿಂತ ಸುಮಾರು ಮೂವತ್ತು ಸಾವಿರ ಪಟ್ಟು. ಸ್ಕ್ಯಾನ್ ನಡೆಯದೆ ಇರುವಾಗಲೂ, ರಾತ್ರಿ ಬೀಗ ಹಾಕಿದ ಮೇಲೂ ಆ ಅಯಸ್ಕಾಂತ ಆನ್ ಆಗಿಯೇ ಇರುತ್ತದೆ. "ಇನ್ನೂ ಶುರುವಾಗಿಲ್ಲವಲ್ಲ" ಅಂತ ಕೀಲಿಕೈ ಇಟ್ಟುಕೊಂಡು ಒಳಗೆ ಬರಬಾರದು. ಜೊತೆಗೆ ಬಂದವರಿಗೂ ಇದೇ ನಿಯಮ.

ಒಬ್ಬರು ಫಾರಂನಲ್ಲಿ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕಿ ಬಂದಿದ್ದರು. ಪೇಸ್‌ಮೇಕರ್ ಇಲ್ಲ, ಕ್ಲಿಪ್ ಇಲ್ಲ, ಆಪರೇಷನ್ ಇಲ್ಲ. ಏನು ಕೆಲಸ ಮಾಡುತ್ತೀರಿ ಅಂತ ಕೇಳಿದೆ. ಲೇತ್ ಮೆಷಿನ್ ಅಂದರು. ಕಣ್ಣಿಗೆ ಯಾವತ್ತಾದರೂ ಚೂರು ಹಾರಿತ್ತಾ? "ಹತ್ತು ವರ್ಷದ ಹಿಂದೆ ಹಾರಿತ್ತು, ಆಮೇಲೆ ಸರಿಹೋಯಿತು." ಮೊದಲು ಕಣ್ಣಿನ ಎಕ್ಸ್‌ರೇ ತೆಗೆದೆವು. ಪುಟ್ಟ ಬಿಳಿ ಚುಕ್ಕೆ ಇತ್ತು. ಕಬ್ಬಿಣದ ಆ ಚೂರು ಅಯಸ್ಕಾಂತದ ಸೆಳೆತಕ್ಕೆ ಅಲುಗಿದ್ದರೆ ಕಣ್ಣೇ ಹೋಗಬಹುದಿತ್ತು. ಅವತ್ತು ಎಂಆರ್‌ಐ ಮಾಡಲಿಲ್ಲ. ಈ ಘಟನೆ ನೆನಪಾದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಅದಕ್ಕೇ ಫಾರಂ ತುಂಬುವಾಗ ನಿಧಾನ ಮಾಡಿ. ಪೇಸ್‌ಮೇಕರ್, ಮೆದುಳಿನ ರಕ್ತನಾಳದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಮೈಯಲ್ಲಿ ಉಳಿದ ಗುಂಡಿನ ಚೂರು, ಎಲ್ಲವನ್ನೂ ಬರೆಯಿರಿ. ಈಗ ಬರುವ ಎಷ್ಟೋ ಪೇಸ್‌ಮೇಕರ್‌ಗಳಿಗೆ ತಕ್ಕ ಏರ್ಪಾಡು ಮಾಡಿಕೊಂಡು ಎಂಆರ್‌ಐ ಮಾಡಬಹುದು. ಅದಕ್ಕೆ ಅದರ ಕಾರ್ಡ್ ಬೇಕು, ತನ್ನಿ. ಚರ್ಮಕ್ಕೆ ಅಂಟಿಸುವ ಔಷಧಿ ಪಟ್ಟಿ ಇದ್ದರೆ ಹೇಳಿ, ಕೆಲವದರ ಹಿಂದೆ ಲೋಹದ ಹಾಳೆ ಇರುತ್ತದೆ, ಬಿಸಿಯಾಗಿ ಸುಡುತ್ತದೆ. ಒಳಗೆ ಮಲಗಿದಾಗ ಕೈ ಕೈ ಹೆಣೆದುಕೊಳ್ಳಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ. ಚರ್ಮಕ್ಕೆ ಚರ್ಮ ತಾಗಿದ ಜಾಗದಲ್ಲೂ ಸುಟ್ಟ ಗಾಯ ಆಗಬಹುದು.

ಭಯದ ಮಾತು ಸ್ವಲ್ಪ ಹೇಳುತ್ತೇನೆ. ಸುರಂಗದ ಹಾಗಿರುವ ಆ ಜಾಗದಲ್ಲಿ 20 ನಿಮಿಷದಿಂದ ಒಂದು ಗಂಟೆ ಅಲುಗದೆ ಇರಬೇಕು. ಬಡಿಯುವ, ಕೊರೆಯುವ ಶಬ್ದ ಜೋರಾಗಿ ಬರುತ್ತದೆ. ಒಳಗಿನ ಸುರುಳಿಗಳು ಕಂಪಿಸುವ ಶಬ್ದ ಅದು, ಯಂತ್ರ ಕೆಟ್ಟಿಲ್ಲ. ಕಿವಿಗೆ ಪ್ಲಗ್ ಕೊಡುತ್ತೇವೆ, ಕೈಗೆ ಒತ್ತುವ ಚೆಂಡು ಕೊಡುತ್ತೇವೆ. ನನ್ನ ಅನುಭವದಲ್ಲಿ ಜಾಸ್ತಿ ಕೆಲಸ ಮಾಡಿದ ಉಪಾಯ ಒಂದು ಇದೆ. ಟೇಬಲ್ ಒಳಗೆ ಸರಿಯುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳಿ, ಹೊರಗೆ ಬರುವ ತನಕ ತೆರೆಯಬೇಡಿ. ಒಳಗೆ ಹೋದ ಮೇಲೆ ಮುಚ್ಚಿದರೆ ಆ ಛಾವಣಿ ಎಷ್ಟು ಹತ್ತಿರ ಇದೆ ಅಂತ ಆಗಲೇ ಗೊತ್ತಾಗಿಬಿಟ್ಟಿರುತ್ತದೆ. ಮಂಡಿ, ಪಾದದ ಸ್ಕ್ಯಾನ್ ಆದರೆ ಕಾಲು ಮೊದಲು ಒಳಗೆ ಹೋಗುತ್ತದೆ, ತಲೆ ಹೊರಗೇ ಇರಬಹುದು. ತೀರಾ ಆಗದೇ ಇದ್ದರೆ ಮುಂಚೆಯೇ ಡಾಕ್ಟರಿಗೆ ಹೇಳಿ, ಸಣ್ಣ ಮಾತ್ರೆ ಕೊಡುತ್ತಾರೆ. ಅರ್ಧಕ್ಕೆ ಎದ್ದು ಬಂದವರನ್ನು ನಾನು ಯಾವತ್ತೂ ಬೈದಿಲ್ಲ, ಇನ್ನೊಂದು ದಿನ ಕರೆದು ಮಾಡಿದ್ದೇನೆ.

ಹೆಚ್ಚಾಗಿ ಕ್ಯಾನ್ಸರ್ ನೋಡಲು ಮಾಡುವ ಪೆಟ್ ಸ್ಕ್ಯಾನ್ ಬಗ್ಗೆ ಚಿಕ್ಕದಾಗಿ. ಅದರಲ್ಲಿ ಸಕ್ಕರೆಯಂಥ ಒಂದು ವಸ್ತುವಿಗೆ ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿ ನರಕ್ಕೆ ಕೊಡುತ್ತಾರೆ. ಸುಮಾರು ಒಂದು ಗಂಟೆ ಮಾತಾಡದೆ ಸುಮ್ನೆ ಮಲಗಿರಬೇಕು. ಅಲ್ಲಾಡಿದ ಸ್ನಾಯು ಆ ಸಕ್ಕರೆಯನ್ನು ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಮೆದುಳು, ಮೂತ್ರಕೋಶ ಎಲ್ಲರಲ್ಲೂ ಹೊಳೆಯುತ್ತವೆ, ಸೋಂಕು ಇದ್ದ ಜಾಗವೂ ಹೊಳೆಯುತ್ತದೆ. ಆ ಫ್ಲೋರಿನ್‌ನ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತಾ ಹೋಗುತ್ತದೆ. ಆ ದಿನ ನೀರು ಜಾಸ್ತಿ ಕುಡಿಯಿರಿ. ಸಣ್ಣ ಮಕ್ಕಳನ್ನು, ಗರ್ಭಿಣಿಯರನ್ನು ಎಷ್ಟು ಹೊತ್ತು ದೂರ ಇಡಬೇಕು ಅಂತ ಅಲ್ಲೇ ಕೇಳಿಕೊಳ್ಳಿ.

ರಕ್ತದ ರಿಪೋರ್ಟಿನ ಕೆಂಪು ಅಕ್ಷರ

ಅಮ್ಮನ ರಕ್ತದಲ್ಲಿ ಒಮ್ಮೆ ಪೊಟ್ಯಾಸಿಯಂ 6.1 ಬಂತು. ಸಾಮಾನ್ಯವಾಗಿ 3.5ರಿಂದ 5 ಇರಬೇಕು. 6 ದಾಟಿದರೆ ಹೃದಯಕ್ಕೆ ಅಪಾಯ, ನಿರ್ಲಕ್ಷಿಸುವ ಅಂಕಿ ಅಲ್ಲ. ಅದೇ ದಿನ ಡಾಕ್ಟರು ಇಸಿಜಿ ಮಾಡಿ, ಮತ್ತೆ ರಕ್ತ ತೆಗೆಸಿದರು. 4.3 ಇತ್ತು. ಮೊದಲ ಸಲ ನರ ಸಿಗದೆ ಎರಡು ಮೂರು ಕಡೆ ಚುಚ್ಚಿದ್ದರು, ಅಮ್ಮನಿಗೆ ಮುಷ್ಟಿ ಬಿಗಿದು ಬಿಡಿ ಅಂತ ಹೇಳುತ್ತಲೇ ಇದ್ದರು. ಟ್ಯೂಬಿನಲ್ಲಿ ರಕ್ತಕಣ ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ. ಮುಷ್ಟಿ ಬಿಗಿದರೂ ಏರುತ್ತದೆ. ಅಮ್ಮ ಚೆನ್ನಾಗಿದ್ದರು, ಹಾಳಾಗಿದ್ದದ್ದು ಟ್ಯೂಬಿನಲ್ಲಿದ್ದ ರಕ್ತ.

ರಿಪೋರ್ಟಿನ ಬಲಗಡೆ ಬರೆದಿರುವ 'ನಾರ್ಮಲ್ ರೇಂಜ್' ಎಲ್ಲಿಂದ ಬರುತ್ತದೆ ಗೊತ್ತಾ? ಆರೋಗ್ಯವಂತರ ರಕ್ತ ಪರೀಕ್ಷಿಸಿ, ಮಧ್ಯದ 95% ಜನರ ಅಂಕಿಗಳನ್ನು ಹಿಡಿದು ಗೆರೆ ಎಳೆಯುತ್ತಾರೆ. ಅಂದರೆ ಸರಾಸರಿ 20 ಆರೋಗ್ಯವಂತರಲ್ಲಿ ಒಬ್ಬರು ಗೆರೆಯಾಚೆ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ಕೆಂಪು ಅಕ್ಷರದಲ್ಲಿ ಬರುವ ಸಾಧ್ಯತೆ 64%. ಪ್ಯಾಕೇಜ್ ಚೆಕಪ್ ಮಾಡಿಸಿಕೊಂಡು ನಿದ್ದೆ ಕೆಡಿಸಿಕೊಂಡವರಿಗೆ ಈ ಲೆಕ್ಕ ಹೇಳುತ್ತೇನೆ. ಗೆರೆಗಿಂತ ಎಷ್ಟು ದೂರ ಇದೆ, ಕಳೆದ ಸಲ ಎಷ್ಟಿತ್ತು, ಇವೆರಡನ್ನು ನೋಡಿ.

ತಯಾರಿಯಲ್ಲಿ ಜನ ಮರೆಯುವುದು ಮಾತ್ರೆಗಳನ್ನು. ಕೂದಲು ಉಗುರಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ. ಅದು ಕೆಲವು ಥೈರಾಯ್ಡ್ ಪರೀಕ್ಷೆಗಳನ್ನು, ಹೃದಯಾಘಾತ ಪತ್ತೆಮಾಡುವ ಟ್ರೊಪೊನಿನ್ ಪರೀಕ್ಷೆಯನ್ನೂ ದಾರಿ ತಪ್ಪಿಸುತ್ತದೆ. ಮೂತ್ರದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕೊಡಬೇಕಾದರೆ ಆಂಟಿಬಯೋಟಿಕ್ ಶುರುಮಾಡುವ ಮುಂಚೆ ಕೊಡಿ. ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿ, ರಕ್ತಹೀನತೆ ಇದ್ದರೆ ಅಥವಾ ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ನಂಬಲು ಬರುವುದಿಲ್ಲ.

ತೊಂದರೆ ಏನೂ ಇಲ್ಲದವರು ತಪಾಸಣೆಗೆ ಮಾಡಿಸುವ ಪರೀಕ್ಷೆಗಳಲ್ಲಿ ಪಾಸಿಟಿವ್ ಬಂದಾಗ ಇನ್ನೊಂದು ಲೆಕ್ಕ ಮನಸ್ಸಿನಲ್ಲಿರಲಿ. ಅರ್ಥವಾಗಲಿ ಅಂತ ಅಂಕಿ ನಾನೇ ಹಿಡಿಯುತ್ತೇನೆ. 1000 ಜನರಲ್ಲಿ 10 ಜನಕ್ಕೆ ಕಾಯಿಲೆ ಇದೆ ಅಂದುಕೊಳ್ಳಿ. ಪರೀಕ್ಷೆ ಚೆನ್ನಾಗಿದೆ, ಹತ್ತರಲ್ಲಿ 9 ಹಿಡಿಯುತ್ತದೆ. ಕಾಯಿಲೆ ಇಲ್ಲದ 990 ಜನರಲ್ಲಿ 5% ತಪ್ಪಾಗಿ ಪಾಸಿಟಿವ್ ಬಂದರೆ ಅದೇ ಸುಮಾರು 50. ಒಟ್ಟು 59 ಪಾಸಿಟಿವ್, ಅದರಲ್ಲಿ ನಿಜವಾಗಿ ಕಾಯಿಲೆ ಇರುವವರು 9. ಆದ್ದರಿಂದಲೇ ಪಾಸಿಟಿವ್ ಆದ ಮೇಲೆ ಎರಡನೇ ಪರೀಕ್ಷೆ, ಬೇಕಾದರೆ ಬಯಾಪ್ಸಿ (ಆ ಜಾಗದ ಸಣ್ಣ ತುಣುಕು ತೆಗೆದು ನೋಡುವುದು) ಮಾಡುತ್ತಾರೆ. ಎರಡನೆಯದಕ್ಕೆ ಹೋಗದೆ ಮನೆಯಲ್ಲಿ ಅಳುತ್ತಾ ಕೂರಬೇಡಿ. ಹಾಗಂತ ಬಿಡಲೂ ಬೇಡಿ, ಆ 9 ಜನರಲ್ಲಿ ನೀವೂ ಇರಬಹುದು.

ರಿಪೋರ್ಟ್ ಓದುವುದು

ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರೂ ಫೋನಿನಲ್ಲಿ ಹುಡುಕುತ್ತಾರೆ. ಬೇಡ ಅಂದರೆ ಯಾರೂ ಕೇಳುವುದಿಲ್ಲ, ಹಾಗಾಗಿ ಹೇಗೆ ಓದಬೇಕು ಅಂತ ಹೇಳುತ್ತೇನೆ. ಕೊನೆಯಲ್ಲಿ 'ಇಂಪ್ರೆಶನ್' ಅಂತ ಇರುತ್ತದೆ. ಮೊದಲು ಅದನ್ನು ಓದಿ. ಚೀಟಿಯ ಪ್ರಶ್ನೆಗೆ ಉತ್ತರ ಅಲ್ಲಿರಬೇಕು. ಮೇಲಿನ 'ಫೈಂಡಿಂಗ್ಸ್'ನಲ್ಲಿ ಕಂಡದ್ದೆಲ್ಲ ಬರೆದಿರುತ್ತಾರೆ. ಕಂಡದ್ದೆಲ್ಲ ಕಾಯಿಲೆ ಅಲ್ಲ.

'ಅನ್‌ರಿಮಾರ್ಕಬಲ್' ಅಂದರೆ ಹೇಳುವಂಥದ್ದು ಏನೂ ಇಲ್ಲ, ಚೆನ್ನಾಗಿದೆ. 'ಲೀಷನ್' ಅನ್ನುವ ಪದಕ್ಕೆ ಜನ ಬೆಚ್ಚಿಬೀಳುತ್ತಾರೆ. ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುವ ಯಾವ ಜಾಗಕ್ಕಾದರೂ ಆ ಹೆಸರು, ಗಾಯದ ಕಲೆಗೂ ಅದೇ. 'ಹೈಪೋಎಕೋಯಿಕ್', 'ಹೈಪರ್‌ಇಂಟೆನ್ಸ್' ಇವು ಕಾಯಿಲೆಯ ಹೆಸರುಗಳಲ್ಲ. ಮೊದಲನೆಯದು ಅಲ್ಟ್ರಾಸೌಂಡಿನಲ್ಲಿ ಕಪ್ಪಗಿದೆ ಅಂತ, ಎರಡನೆಯದು ಎಂಆರ್‌ಐಯಲ್ಲಿ ಬೆಳ್ಳಗಿದೆ ಅಂತ. 'ಕ್ಲಿನಿಕಲ್ ಕೋರಿಲೇಷನ್' ಅಂದರೆ, ಚಿತ್ರ ಮಾತ್ರ ಸಾಲದು, ರೋಗಿಯನ್ನು ಮುಟ್ಟಿ ನೋಡಿದ ಡಾಕ್ಟರು ಹೊಂದಿಸಿ ನೋಡಲಿ ಅಂತ ಕೇಳಿಕೊಳ್ಳುವುದು.

'ಡಿಸ್ಕ್ ಬಲ್ಜ್' ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಹೊರಗೆ ಉಬ್ಬಿರುವುದು. ಆ ಪದದಿಂದ ಆಗಿರುವಷ್ಟು ಭಯ ಇನ್ಯಾವುದರಿಂದಲೂ ಆಗಿಲ್ಲವೇನೋ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳ ಲೆಕ್ಕ ಒಟ್ಟುಗೂಡಿಸಿತು. 20 ವರ್ಷದವರಲ್ಲಿ 30%, 80 ವರ್ಷದವರಲ್ಲಿ 84% ಜನರಿಗೆ ಡಿಸ್ಕ್ ಬಲ್ಜ್ ಇತ್ತು. ಅವರು ನೋವಿಲ್ಲದೆ ಓಡಾಡಿಕೊಂಡಿದ್ದರು. ನಿಮ್ಮ ನೋವು ಎಡಗಾಲಿನಲ್ಲಿದ್ದು, ಬಲ್ಜ್ ಬಲಗಡೆ ನರ ಒತ್ತುತ್ತಿದ್ದರೆ ಅದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ. ಡಾಕ್ಟರನ್ನು ಕೇಳಿ: "ಇಲ್ಲಿ ಕಂಡದ್ದಕ್ಕೂ ನನ್ನ ನೋವಿಗೂ ತಾಳೆ ಆಗುತ್ತದಾ?"

ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ರಿಪೋರ್ಟಿನಲ್ಲಿ 'ಬೈರ್ಯಾಡ್ಸ್' ಅಂತ ಒಂದು ಅಂಕಿ ಇರುತ್ತದೆ. 0 ಅಂದರೆ ಸೊನ್ನೆ ಕಾಯಿಲೆ ಅಂತ ಅಲ್ಲ. ಇನ್ನೂ ಚಿತ್ರ ಬೇಕು, ಈಗಲೇ ತೀರ್ಮಾನ ಆಗದು ಅಂತ. ಸೊನ್ನೆ ಅಂತ ಖುಷಿಯಾಗಿ ಮನೆಗೆ ಹೋದವರನ್ನು ನಾವು ಫೋನ್ ಮಾಡಿ ಕರೆಸಿದ್ದಿದೆ. 1, 2 ನಿಶ್ಚಿಂತೆ. 3 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ 2% ದಾಟುವುದಿಲ್ಲ, ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡುತ್ತಾರೆ. 4, 5ಕ್ಕೆ ಬಯಾಪ್ಸಿ. ಅದರ ಫಲಿತಾಂಶಕ್ಕೆ ಹಲವು ದಿನ ಕಾಯಬೇಕಾಗುತ್ತದೆ. ತುಣುಕನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಹೂತು, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ ನೋಡಬೇಕು. ತಡ ಆಯಿತು ಅಂದರೆ ಕೆಟ್ಟ ಸುದ್ದಿ ಅಂತ ಅಲ್ಲ.

ಇನ್ನೊಂದು ಮಾತು. ಫೋನ್ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತ ತಿಳಿಯಬೇಡಿ. ರಿಪೋರ್ಟ್ ಯಾವತ್ತು ಸಿಗುತ್ತದೆ, ಯಾರು ಹೇಳುತ್ತಾರೆ ಅಂತ ಕೇಳಿಕೊಂಡು ಹೊರಡಿ. ಆ ದಿನ ದಾಟಿದರೆ ನೀವೇ ಫೋನ್ ಮಾಡಿ.

ಹಳೆಯ ಚಿತ್ರ

ನಾಲ್ಕು ವರ್ಷದ ಹಿಂದೆ ನನಗೆ ಬಿಡದ ಕೆಮ್ಮು ಇತ್ತು. ಎದೆಯ ಸಿಟಿ ಮಾಡಿಸಿಕೊಂಡೆ. ಬಲ ಶ್ವಾಸಕೋಶದಲ್ಲಿ 4 ಮಿ.ಮೀ. ಗಂಟು, 'ಹೋಲಿಕೆಗೆ ಹಳೆಯ ಚಿತ್ರ ಲಭ್ಯವಿಲ್ಲ' ಅಂತ ರಿಪೋರ್ಟ್ ಬಂತು. ನಾನು ಸಿಗರೇಟು ಸೇದಿದವಳಲ್ಲ. ಅಂಥವರಲ್ಲಿ 6 ಮಿ.ಮೀ.ಗಿಂತ ಚಿಕ್ಕ ಗಟ್ಟಿ ಗಂಟಿಗೆ ಸಾಮಾನ್ಯವಾಗಿ ಮತ್ತೆ ಸ್ಕ್ಯಾನ್ ಕೂಡ ಬೇಕಾಗುವುದಿಲ್ಲ ಅಂತ ಎದೆಯ ಚಿತ್ರ ಓದುವ ತಜ್ಞರ ಸಂಘ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿ ಹೇಳುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಗೊತ್ತಿರುವುದು ಬೇರೆ, ನಮ್ಮದೇ ಎದೆಯ ಚಿತ್ರ ನೋಡುವುದು ಬೇರೆ.

ಬೆಳಿಗ್ಗೆ ನೆನಪಾಯಿತು. ಅದಕ್ಕೂ ಆರು ವರ್ಷ ಮುಂಚೆ ಬಿದ್ದು ಪಕ್ಕೆಲುಬಿಗೆ ಪೆಟ್ಟಾಗಿ ಒಂದು ಸಿಟಿ ಆಗಿತ್ತು. ಅದರ ಸಿಡಿ ಬೀರುವಿನಲ್ಲಿತ್ತು. ಫಿಲ್ಮ್ ಅಲ್ಲ, ಸಿಡಿ. ಒಂದು ಸಿಟಿಯಲ್ಲಿ ನೂರಾರು ಹೋಳು ಇರುತ್ತವೆ, ಫಿಲ್ಮಿನಲ್ಲಿ ಅಚ್ಚಾಗುವುದು ಕೆಲವೇ. ಫಿಲ್ಮನ್ನು ಬೆಳಕಿಗೆ ಹಿಡಿದು ಫೋನಿನಲ್ಲಿ ತೆಗೆದ ಫೋಟೋ ಇನ್ನೂ ಕಡಿಮೆ. ಯಾವುದೇ ಸ್ಕ್ಯಾನ್ ಆದ ಮೇಲೆ 'ಡೈಕಾಮ್' ಫೈಲ್‌ಗಳನ್ನು, ಅಂದರೆ ಯಂತ್ರದ ಮೂಲ ಚಿತ್ರಗಳನ್ನು, ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೇಳಿ ತೆಗೆದುಕೊಳ್ಳಿ. ಹೊಸ ಸ್ಕ್ಯಾನ್‌ಗೆ ಹೋಗುವಾಗ ಅದನ್ನು ರಿಪೋರ್ಟಿನ ಜೊತೆ ಕೌಂಟರಿನಲ್ಲೇ ಕೊಟ್ಟು, ಹೋಲಿಸಿ ಬರೆಯಿರಿ ಅನ್ನಿ. ಆಮೇಲೆ ಕೊಟ್ಟರೆ ರಿಪೋರ್ಟ್ ಮತ್ತೆ ಬರೆಸಬೇಕಾಗುತ್ತದೆ, ನನಗೆ ಆದ ಹಾಗೆ.

ರೇಡಿಯಾಲಜಿಸ್ಟ್ ಎರಡೂ ಚಿತ್ರಗಳನ್ನು ಪಕ್ಕಪಕ್ಕ ತೆರೆದರು. ಹಳೆಯದರಲ್ಲೂ ಅದೇ ಜಾಗ, ಅದೇ ಚುಕ್ಕೆ, ಅದೇ 4 ಮಿ.ಮೀ. ಗಟ್ಟಿ ಗಂಟು ಎರಡು ವರ್ಷ ಬೆಳೆಯದೆ ಇದ್ದರೇ ಸಾಮಾನ್ಯವಾಗಿ ಚಿಂತೆ ಇಲ್ಲ ಅನ್ನುತ್ತಾರೆ. ನನ್ನದು ಆರು ವರ್ಷದಿಂದ ಅಲ್ಲೇ ಸುಮ್ಮನೆ ಕೂತಿತ್ತು. "ಯಾವಾಗಲೋ ಆದ ಸೋಂಕಿನ ಕಲೆ ಇರಬೇಕಮ್ಮಾ" ಅಂದರು. ಕೆಮ್ಮಿಗೆ ಕಾರಣ ಹೊಟ್ಟೆಯ ಆಸಿಡ್ ಮೇಲೆ ಬರುತ್ತಿದ್ದದ್ದು ಅಂತ ಆಮೇಲೆ ತಿಳಿಯಿತು.

ಮನೆಗೆ ಬಂದು ಎರಡೂ ಸಿಡಿಗಳನ್ನು ಒಂದೇ ಕವರಿಗೆ ಹಾಕಿದೆ. ಕವರಿನ ಮೇಲೆ ದಪ್ಪ ಪೆನ್ನಿನಲ್ಲಿ ಬರೆದೆ: ಎದೆ ಸಿಟಿ, ಬಲ ಶ್ವಾಸಕೋಶ, 4 ಮಿ.ಮೀ., ಹಳೆಯದು. ಮಗಳಿಗೂ ತೋರಿಸಿದ್ದೇನೆ, ಯಾವ ಕಪಾಟು, ಯಾವ ಡ್ರಾಯರ್ ಅಂತ.